ಉಗುರಿನಿಂದ ಎಳೆದ ಗೆರೆ

ಡೈರಿ ಮಾವನ ಬಲಗೈ ಹೆಬ್ಬೆರಳಿನ ಉಗುರು ಹುಣಸೆಬೀಜದಷ್ಟು ಗಟ್ಟಿ. ಅಂಚಿನಲ್ಲಿ ಹಳದಿ ತಿರುಗಿ, ಬೆರಳಿಗಿಂತ ಒಂದು ಗೋಧಿಕಾಳಿನಷ್ಟು ಮುಂದೆ ಚಾಚಿಕೊಂಡಿರುತ್ತಿತ್ತು. ಉಳಿದ ಒಂಬತ್ತು ಉಗುರುಗಳನ್ನು ವಾರಕ್ಕೊಮ್ಮೆ ಬ್ಲೇಡಿನಲ್ಲಿ ಬುಡಕ್ಕೆ ಕತ್ತರಿಸಿಕೊಳ್ಳುತ್ತಿದ್ದ ಮನುಷ್ಯ ಅದೊಂದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದು ಅವರ ಸ್ಕೇಲು. ಪುಸ್ತಕದ ಹಾಳೆಯನ್ನು ಎಡಗೈಯಲ್ಲಿ ಒತ್ತಿ ಹಿಡಿದು, ಆ ಉಗುರನ್ನು ಮೇಲಿನಿಂದ ಕೆಳಕ್ಕೆ ಒಂದೇ ಉಸಿರಿಗೆ ಎಳೆದರೆ ಗೆರೆ ನೇರ ಬೀಳುತ್ತಿತ್ತು. ಮಸಿ ಇಲ್ಲದ ಗೆರೆ. ಎದುರಿನಿಂದ ನೋಡಿದರೆ ಕಾಣದು. ಹಾಳೆಯನ್ನು ಒಸಿ ವಾರೆ ಮಾಡಿ ಕಿಟಕಿಯ ಬೆಳಕಿಗೆ ಹಿಡಿದರೆ ಕಾಣುತ್ತದೆ. ಬೆರಳು ಸವರಿದರಂತೂ ಕುರುಡರಿಗೂ ಸಿಗುತ್ತದೆ.

ನಮ್ಮದು ಚನ್ನಪಟ್ಟಣದಿಂದ ಒಳಕ್ಕೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ಊರು. ಅವರು ಊರಿನ ಹಾಲಿನ ಸಂಘದ, ಅಂದರೆ ಡೈರಿಯ, ಕಾರ್ಯದರ್ಶಿ. ಬೆಳಿಗ್ಗೆ ಆರಕ್ಕೆ, ಸಂಜೆ ಐದೂವರೆಗೆ ಬಾಗಿಲು ತೆಗೆದು, ಬಂದವರ ಹಾಲು ಅಳೆಸಿ, ಫ್ಯಾಟ್ ನೋಡಿಸಿ, ಪುಸ್ತಕಕ್ಕೆ ಬರೆಯುವುದು ಅವರ ಕೆಲಸ. ಹಣೆಯಲ್ಲಿ ಮೂರು ಪಟ್ಟೆ ವಿಭೂತಿ. ಸಂಜೆಯ ಹೊತ್ತಿಗೆ ಬೆವರಿಗೆ ಕರಗಿ ಒಂದೇ ಪಟ್ಟೆಯಾಗಿರುತ್ತಿತ್ತು. ಮದುವೆಯಾದ ಮೂರನೇ ವರ್ಷಕ್ಕೆ ಹೆಂಡತಿ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಡೈರಿಯ ಹಿಂದಿನ ಒಂದೇ ಕೋಣೆ ಅವರ ಮನೆ. ಊರಿಗೆಲ್ಲ ಹಾಲು ಬರೆಯುವ ಅವರು ಕುಡಿಯುತ್ತಿದ್ದದ್ದು ಬೆಲ್ಲದ ಕರಿ ಕಾಫಿ. "ಯಾಕ್ ಮಾವ, ಒಂದ್ ಲೋಟ ಹಾಲಿಗೂ ಬಡತನವಾ?" ಅಂತ ನಾನು ಕೇಳಿದರೆ, "ಅಳೆಯೋನು ಕುಡುದ್ರೆ ಅಳತೆ ಕೆಡ್ತದೆ ಕಣವ್ವ" ಅನ್ನುತ್ತಿದ್ದರು.

ಅವರ ಇನ್ನೊಂದು ಕೆಲಸ ಸಂಬಳವಿಲ್ಲದ್ದು. ಸುತ್ತ ಹತ್ತು ಹಳ್ಳಿಯಲ್ಲಿ ಯಾರ ಮನೆಯಲ್ಲಿ ಮದುವೆ, ನಾಮಕರಣ, ಗೃಹಪ್ರವೇಶ ಆದರೂ ಮುಯ್ಯಿ ಬರೆಯಲು ಅವರೇ ಕೂರಬೇಕು. ಪಟ್ಟಣದವರಿಗೆ ಇದನ್ನು ಒಸಿ ಬಿಡಿಸಿ ಹೇಳಬೇಕಾಗುತ್ತದೆ. ನಮ್ಮ ಕಡೆ ಶುಭಕಾರ್ಯಕ್ಕೆ ಬಂದವರು ಹಾಕುವ ದುಡ್ಡು ಉಡುಗೊರೆಯಲ್ಲ. ನೀವು ನಮ್ಮ ಮನೆಯ ಕಾರ್ಯಕ್ಕೆ ನೂರೊಂದು ಹಾಕಿದರೆ, ನಿಮ್ಮ ಮನೆಯ ಕಾರ್ಯಕ್ಕೆ ನಾನು ನೂರೈವತ್ತೊಂದೋ ಇನ್ನೂರೊಂದೋ ಹಾಕಿ ತೀರಿಸಬೇಕು. ಅದಕ್ಕೇ ಪುಸ್ತಕದಲ್ಲಿ ಹೆಸರು, ಊರು, ಮೊತ್ತ ಬರೆಯುವುದು. ಇಪ್ಪತ್ತು ವರ್ಷ ಕಳೆದರೂ ಆ ಪುಸ್ತಕವನ್ನು ಪೆಟ್ಟಿಗೆಯಿಂದ ತೆಗೆದು ನೋಡಿಯೇ ಮದುವೆಗೆ ಹೊರಡುತ್ತೇವೆ. ಬರೆಯಲು ಕೂತ ಡೈರಿ ಮಾವ ಮೊದಲು ತಮ್ಮ ಮುಯ್ಯಿಯನ್ನು ತಟ್ಟೆಗೆ ಹಾಕಿ, ತಮ್ಮ ಹೆಸರನ್ನು ಬರೆದುಕೊಂಡು, ಆಮೇಲೆ ಗೆರೆ ಎಳೆದು ಮಿಕ್ಕವರದ್ದು ಶುರು ಮಾಡುತ್ತಿದ್ದರು.

ಕೊಟ್ಟದ್ದು ಹಿಂದಿರುಗಲಿಲ್ಲ ಅಂತ ಯಾರಾದರೂ ಗೊಣಗಿದರೆ ಅವರದ್ದು ಒಂದೇ ಮಾತು: "ಮುಯ್ಯಿ ಕೇಳ್ಬಾರ್ದು ಕಣ್ಲಾ, ಕರೀಬೇಕು. ನಿನ್ ಮನೇಲಿ ಕಾರ್ಯ ಮಾಡು, ಕರಿ. ಬತ್ತದೆ."

ಅವರ ಮನೆಯಲ್ಲಿ ಮಾತ್ರ ಯಾವ ಕಾರ್ಯವೂ ಆಗಲಿಲ್ಲ.

ನನ್ನ ಮಗಳ ನಾಮಕರಣದ ದಿನ ನಾನು ಅವರನ್ನು ಸರಿಯಾಗಿ ಕಂಡದ್ದು. ನನ್ನ ಗಂಡ ಆಗಲೂ ಈಗಲೂ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಾರೆ. ನಾನು ಮನೆಯಲ್ಲಿ ರವಿಕೆ ಹೊಲಿಯುತ್ತೇನೆ. ಇದ್ದದ್ದು ಒಂದು ಹಸು. ಊಟ ಮುಗಿದ ಮೇಲೆ ನನ್ನ ಗಂಡನ ಅಪ್ಪ ಡೈರಿ ಮಾವನ ಮುಂದೆ ಕೈ ಚಾಚಿದರು.

"ತತ್ತಾ ಬಾವ, ಮುಯ್ಯಿ ದುಡ್ಡು. ಶಾಮಿಯಾನದೋನು ಕಾಯ್ತಾವ್ನೆ."

"ಶಾಮಿಯಾನ ಹಾಕ್ಸಿ ಅಂತ ಕೂಸು ಹೇಳ್ತಾ?"

"ಹಂಗಂದ್ರೆ?"

"ಮುಯ್ಯಿ ಬಿದ್ದಿರೋದು ಯಾರ ಹೆಸರ್ಗೆ? ಕೂಸಿನ ಹೆಸರ್ಗೆ. ಸೋಮವಾರ ಇದು ಪೋಸ್ಟಾಫೀಸ್ಗೆ ಹೋಯ್ತದೆ. ನಿನ್ ಶಾಮಿಯಾನಕ್ಕೆ ನೀನೇ ನೋಡ್ಕೊ."

"ಮೂರ್ ತಿಂಗ್ಳ ಕೂಸು ಪೋಸ್ಟಾಫೀಸ್ಗೆ ಹೋಗಿ ಏನ್ ಸ್ಟಾಂಪ್ ಅಂಟಿಸ್ತದಾ?"

ಕೂತವರೆಲ್ಲ ಗೊಳ್ಳೆಂದು ನಕ್ಕರು. ಡೈರಿ ಮಾವನೂ ನಕ್ಕರು. ಆದರೆ ದುಡ್ಡು ಇದ್ದ ಕರವಸ್ತ್ರದ ಗಂಟನ್ನು ಬಿಚ್ಚಲಿಲ್ಲ. ಒಳಗೆ ಬಾಣಂತಿ ಕೋಣೆಯ ಬಾಗಿಲಿಗೆ ಬಂದು, ನನ್ನ ಮುಖ ನೋಡದೆ, ಬಾಗಿಲ ಚೌಕಟ್ಟಿಗೆ ಹೇಳುವವರ ಹಾಗೆ ಹೇಳಿದರು: "ನೀನು ಪಿಯುಸಿ ಮುಗ್ಸಿ ಮುಂದುಕ್ಕೆ ಓದ್ಬೇಕು ಅಂತ ಅತ್ತಿದ್ದೆಯಂತೆ. ಕಟ್ಟಕ್ಕೆ ಇರ್ಲಿಲ್ಲವಂತೆ. ನಿನ್ ಮಗಳು ಅಳೋದ್ ಬ್ಯಾಡ."

ಸೋಮವಾರ ಮಗುವಿನ ಹೆಸರಲ್ಲಿ ಖಾತೆ ಆಯಿತು. ಸಂಜೆ ನಾನು ಹಾಲು ತೆಗೆದುಕೊಂಡು ಹೋದಾಗ ನನ್ನ ಹಾಲಿನ ಪುಸ್ತಕವನ್ನು ಅವರು ತೆರೆದಿಟ್ಟುಕೊಂಡಿದ್ದರು. ಸಂಜೆಯ ಲೆಕ್ಕದ ಅಂಕಣದ ನಡುವೆ ಉಗುರಿನಿಂದ ಒಂದು ಗೆರೆ ಎಳೆದರು. "ಗೆರೆಯಿಂದ ಈಚೆಗೆ ಇರೋದು ಮನೆ ಹಾಲು. ಆಚೆಗೆ ಅರ್ಧ ಲೀಟ್ರು ಕೂಸಿನ ಹಾಲು. ಬಟವಾಡೆ ದಿನ ಕೂಸಿಂದು ಸೀದಾ ಅದರ ಖಾತೆಗೆ ಹೋಯ್ತದೆ. ಅದುನ್ನ ನಿಂಗೂ ಕೊಡಾಕಿಲ್ಲ, ನಿನ್ ಗಂಡಂಗೂ ಕೊಡಾಕಿಲ್ಲ." ಸಂಘದ ಅಚ್ಚಿನ ಪುಸ್ತಕದಲ್ಲಿ ಬೇರೆ ಗೆರೆ ಎಳೆದರೆ ತಪಾಸಣೆಗೆ ಬಂದವರು ಗದರುತ್ತಾರೆ, ಅದಕ್ಕೇ ಮಸಿಯಿಲ್ಲದ ಗೆರೆ.

ಹೀಗೆ ಗೆರೆ ಬಿದ್ದದ್ದು ನನ್ನ ಪುಸ್ತಕಕ್ಕೆ ಮಾತ್ರವಲ್ಲ. ಒಂದು ಹಸುವಿನ ಜೊತೆ ಒಂದೂವರೆ ಎಕರೆ ಇಲ್ಲವೆ ಬರೀ ರಟ್ಟೆ ನಂಬಿದ್ದ ಇನ್ನೂ ಆರು ಮನೆಗಳ ಪುಸ್ತಕಕ್ಕೂ ಬಿತ್ತು. ನನ್ನ ಹಸು ಬತ್ತಿದ ತಿಂಗಳುಗಳಲ್ಲಿ ಎರಡು ರವಿಕೆ ಹೊಲಿದ ಕಾಸನ್ನು ಒಯ್ದು "ಇದು ಕೂಸಿನ ಹಾಲು ಮಾವ" ಅಂತ ಕೊಡುತ್ತಿದ್ದೆ. ಅವರು ಗೆರೆಯ ಆಚೆ ಬರೆದುಕೊಳ್ಳುತ್ತಿದ್ದರು. ಮಗಳು ಆರನೇ ಕ್ಲಾಸಿಗೆ ಬರುವ ಹೊತ್ತಿಗೆ ತಾನೇ ಕ್ಯಾನು ಹಿಡಿದು ಹೋಗಿ, "ಅಜ್ಜಪ್ಪ, ನನ್ ಹಾಲು ಬರ್ದ್ರಾ?" ಅಂತ ಕೇಳಿ, ಬೆರಳಲ್ಲಿ ಗೆರೆ ಸವರಿ ನೋಡಿ ಬರುತ್ತಿದ್ದಳು. ಅವಳು ದೊಡ್ಡವಳಾದಾಗ ಆರತಿ ಮಾಡಿದೆವು. ಮೈಕ್ ಸೆಟ್ ಬೇಡ ಅಂದರು ಡೈರಿ ಮಾವ, ನಾವೂ ಬೇಡ ಅಂದೆವು. ಬಿದ್ದ ಮುಯ್ಯಿ ಖಾತೆಗೆ ಹೋಯಿತು. ಬಂದ ರವಿಕೆ ಕಣಗಳು ಮಾತ್ರ ನನಗೆ ಉಳಿದವು. ಅದರಲ್ಲಿ ಒಂದು ಗಿಳಿಹಸಿರು ಕಣವನ್ನು ನಾನೇ ಎರಡು ವರ್ಷದ ಹಿಂದೆ ಯಾರಿಗೋ ಕೊಟ್ಟಿದ್ದೆ, ನಾಲ್ಕು ಮನೆ ತಿರುಗಿ ಮಡಿಕೆ ಬಿಚ್ಚದೆ ವಾಪಸು ಬಂದಿತ್ತು.

ಮಗಳಿಗೆ ಹದಿನೆಂಟು ತುಂಬಿದಾಗ ಮಾವ ಪೋಸ್ಟಾಫೀಸಿನ ಖಾತೆಯನ್ನು ಮುಗಿಸಿ, ಅವಳ ಹೆಸರಿನ ಬ್ಯಾಂಕ್ ಖಾತೆಗೆ ಹಾಕಿಸಿದರು. ಒಂದು ಲಕ್ಷದ ಮೂವತ್ತೆಂಟು ಸಾವಿರ. ನಾನು ಆ ಅಂಕಿಯನ್ನು ಎರಡು ಸಲ ಓದಿದೆ. ಮೈಸೂರಿನ ಒಂದು ನರ್ಸಿಂಗ್ ಕಾಲೇಜಿನಲ್ಲಿ ಅವಳಿಗೆ ಸೀಟು ಸಿಕ್ಕಿತ್ತು. ಆದಾಯ ಕಡಿಮೆ ಇರುವ ಮನೆಯ ಮಕ್ಕಳಿಗೆ ಫೀಸಿನಲ್ಲೂ ಹಾಸ್ಟೆಲಿನಲ್ಲೂ ರಿಯಾಯಿತಿ. ಡೈರಿ ಮಾವ ಹಾಲಿನ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ರಿಯಾಯಿತಿ ಸಿಕ್ಕರೆ ಆ ದುಡ್ಡು ನಾಲ್ಕು ವರ್ಷಕ್ಕೂ ಆಗುತ್ತದೆ. ಸಿಗದಿದ್ದರೆ ಮೊದಲ ವರ್ಷಕ್ಕೇ ಹೆಚ್ಚುಕಡಿಮೆ ಎಲ್ಲ ಹೋಗುತ್ತದೆ. ನಡುವೆ ನಿಂತದ್ದು ಆದಾಯ ಪ್ರಮಾಣ ಪತ್ರ ಅನ್ನುವ ಒಂದೇ ಒಂದು ಹಾಳೆ.

ಅರ್ಜಿಯ ಜೊತೆಗೆ ವಿದ್ಯಾರ್ಥಿಯ ಬ್ಯಾಂಕ್ ಪುಸ್ತಕದ ಜೆರಾಕ್ಸ್ ಇಡಬೇಕು ಅಂದರು. ಇಟ್ಟೆವು. ನಾವು ಮಾಡಿದ ತಪ್ಪು ಇಷ್ಟೇ.

ಹದಿನೈದು ದಿನ ಬಿಟ್ಟು ತಾಲ್ಲೂಕು ಕಚೇರಿಗೆ ಹೋದರೆ ಗುಮಾಸ್ತರು ಅರ್ಜಿಯನ್ನು ನಮ್ಮ ಕಡೆ ತಳ್ಳಿದರು. ನಾನು, ಮಗಳು, ಡೈರಿ ಮಾವ ಮೂವರೂ ನಿಂತಿದ್ದೆವು.

"ವರ್ಷದ ಆದಾಯ ನಲವತ್ತೆಂಟು ಸಾವಿರ ಅಂತ ಬರ್ದಿದ್ದೀರಿ. ಮಗಳ ಖಾತೇಲಿ ಒಂದು ಲಕ್ಷ ಮೂವತ್ತೆಂಟು ಸಾವಿರ ಐತೆ. ಎರಡರಲ್ಲಿ ಒಂದು ಸುಳ್ಳು."

"ಎರಡೂ ನಿಜ ಸಾರ್. ಅದು ಹದಿನೆಂಟು ವರ್ಷ ದಿನಾ ಅರ್ಧ ಲೀಟರ್ ಹಾಲು..."

"ನೋಡಮ್ಮ, ಬಡವ್ರು ಅಂದ್ಮೇಲೆ ಕೈಲಿ ಕಾಸಿರಬಾರ್ದು. ಕಾಸಿದ್ಮೇಲೆ ಬಡವ್ರು ಹೆಂಗಾಯ್ತೀರಿ?"

ಇದನ್ನು ಅವರು ಗೇಲಿಗೆ ಹೇಳಲಿಲ್ಲ. ಮಗ್ಗಿ ಒಪ್ಪಿಸುವವರ ಹಾಗೆ, ಅದರಲ್ಲಿ ಅನುಮಾನವೇ ಇಲ್ಲ ಅನ್ನುವ ಹಾಗೆ ಹೇಳಿದರು. ನನ್ನ ಹಿಂದೆ ನಿಂತಿದ್ದ ಹೆಂಗಸೊಬ್ಬಳು ನನ್ನ ಸೆರಗು ಎಳೆದು ಪಿಸುಗುಟ್ಟಿದಳು: "ಅಯ್ಯೋ ಅಕ್ಕ, ದುಡ್ಡಿರೋ ಖಾತೆ ಪುಸ್ತಕ ಯಾರಾದ್ರೂ ಕೊಡ್ತಾರಾ? ಸೊನ್ನೆ ಇರೋದು ಒಂದ್ ಹೊಸದಾಗಿ ತಗ್ಸಿ ಕೊಡ್ಬೇಕು. ನಾವೆಲ್ಲ ಹಂಗೇ ಮಾಡಿರೋದು."

ಡೈರಿ ಮಾವನಿಗೆ ಅದು ಕೇಳಿಸಿತು. "ಬಚ್ಚಿಡಕ್ಕೆ ಅದೇನ್ ಕಳ್ ದುಡ್ಡಾ ತಾಯಿ?" ಅಂದರು. ಆಮೇಲೆ ಗುಮಾಸ್ತರ ಮುಖವನ್ನೇ ನೋಡುತ್ತ, "ಅಪ್ಪ, ನೀನು ಮಾಗಡಿ ಕಡೆಯೋನಲ್ವಾ? ಸಾವನದುರ್ಗದ ಪಕ್ಕ. ನಮ್ ಪಕ್ಕದೂರಿನ ಹೆಣ್ ತಗಂಡಿರೋದು."

ಗುಮಾಸ್ತರು ಕನ್ನಡಕ ಏರಿಸಿ ನೋಡಿದರು. "ಓ! ಡೈರಿ ಮಾವ! ನನ್ ಮದ್ವೇಲಿ ಮುಯ್ಯಿ ಬರ್ದೋರು ನೀವೇ ಅಲ್ವಾ?" ಎದ್ದು ನಿಂತರು. ಕುರ್ಚಿ ಹಾಕಿಸಿದರು. ಟೀ ತರಿಸಿದರು, ಹಾಲಿನ ಟೀ ಅಂತ ಮಾವ ಮುಟ್ಟಲಿಲ್ಲ. ಅಷ್ಟೆಲ್ಲ ಆದ ಮೇಲೆ ಗುಮಾಸ್ತರು ದನಿ ತಗ್ಗಿಸಿ ಒಂದು ಉಪಾಯ ಹೇಳಿಕೊಟ್ಟರು. ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

"ಮಾವ, ನಿಮ್ಮೋರು ಅಂತ ಹೇಳ್ತೀನಿ. ಆ ದುಡ್ಡು ತಗದು ಹುಡ್ಗಿಗೆ ಒಂದ್ ಜೊತೆ ಬಳೆ, ಒಂದ್ ಸರ ಮಾಡ್ಸಾಕ್ಬುಡಿ. ಒಡವೆ ನಮ್ ಅರ್ಜೀಲಿ ಬರಲ್ಲ. ಮುಂದಿನ್ ವರ್ಷ ಖಾತೆ ಸೊನ್ನೆ ತೋರ್ಸಿ ಅರ್ಜಿ ಹಾಕಿ, ಕಣ್ಮುಚ್ಚಿ ಪಾಸ್ ಮಾಡ್ತೀನಿ."

"ಮುಂದಿನ ವರ್ಷ ಕಾಲೇಜು ಕಾಯ್ತದಾ?" ಅಂದಳು ಮಗಳು. ಅವಳು ಆ ದಿನ ಆಡಿದ್ದು ಅದೊಂದೇ ಮಾತು.

ಗುಮಾಸ್ತರು ಅರ್ಜಿಯನ್ನು ಮತ್ತೆ ತಮ್ಮ ಕಡೆ ಎಳೆದುಕೊಂಡರು. ಆ ದುಡ್ಡು ಓದಿಗೆಂದೇ ಕೂಡಿಟ್ಟದ್ದು ಅನ್ನುವುದಕ್ಕೆ ದಾಖಲೆ ತಂದರೆ ಮೇಲಿನವರಿಗೆ ಕಳಿಸಿ ನೋಡಬಹುದು ಅಂದರು. ಮಾರನೆಯ ದಿನವೇ ನಾವು ಹದಿನೆಂಟು ವರ್ಷದ ಹಾಲಿನ ಪುಸ್ತಕಗಳನ್ನು ಗೋಣಿಚೀಲದಲ್ಲಿ ಹೊತ್ತುಕೊಂಡು ಹೋದೆವು. ಕಚೇರಿಯ ಎದುರಿನ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿದೆವು. ಗುಮಾಸ್ತರು ಹಾಳೆಗಳನ್ನು ತಿರುಗಿಸಿದರು.

"ಎಲ್ಲೈತೆ ಮಾವ ಬೇರೆ ಲೆಕ್ಕ? ಎಲ್ಲಾ ಒಂದೇ ಸಾಲಲ್ಲಿ ಐತಲ್ಲ. ಮೂರು, ಅರ್ಧ. ಮೂರು, ಅರ್ಧ. ಇದು ಕೂಸಿಂದು ಅಂತ ಹೆಂಗ್ ಗೊತ್ತಾಗ್ಬೇಕು?"

ಮಾವ ಹಾಳೆ ಇಸಿದುಕೊಂಡು ನೋಡಿದರು. ಮೂರೂ ಇತ್ತು, ಅರ್ಧವೂ ಇತ್ತು. ನಡುವಿನ ಗೆರೆ ಇರಲಿಲ್ಲ. ಜೆರಾಕ್ಸ್ ಯಂತ್ರಕ್ಕೆ ಮಸಿ ಕಾಣುತ್ತದೆ, ಒತ್ತು ಕಾಣುವುದಿಲ್ಲ. ಅವರು ಚೀಲದಿಂದ ಅಸಲು ಪುಸ್ತಕ ತೆಗೆದು ಕಿಟಕಿಗೆ ವಾರೆಯಾಗಿ ಹಿಡಿದರು. "ನೋಡಪ್ಪ. ಇಲ್ ನೋಡು. ಬೆರಳಾಡ್ಸು."

ಗುಮಾಸ್ತರು ಬೆರಳಾಡಿಸಿಯೂ ನೋಡಿದರು. "ಐತೆ ಮಾವ. ನಂಗ್ ಕಾಣ್ತದೆ. ಆದ್ರೆ ಫೈಲಿಗೆ ಹೋಗೋದು ಜೆರಾಕ್ಸು. ಜೆರಾಕ್ಸಲ್ಲಿ ಇಲ್ದೇ ಇರೋದು ಇಲ್ಲ."

ಡೈರಿ ಮಾವ ಸಿಟ್ಟಾದರೆ ಗಂಟಲು ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಗೋಣಿಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಎರಡು ಬಸ್ಸು ಹೋದವು, ಏಳಲಿಲ್ಲ. ಆಮೇಲೆ ನನಗೂ ಸರಿಯಾಗಿ ಕೇಳಿಸದ ಹಾಗೆ ಹೇಳಿದರು: "ಒಡವೆ ಮಾಡ್ಸಿದ್ರೆ ಬಡವ್ರು. ಓದ್ಸಕ್ಕೆ ಇಟ್ರೆ ಸಾವ್ಕಾರ್ರು. ಇದ್ಯಾವ್ ಅಳತೆ ಕಣವ್ವ? ನಾನು ಮೂವತ್ತೊಂದು ವರ್ಷ ಅಳ್ದಿದ್ದೀನಿ. ಇಂಥಾ ಅಳತೆ ಕಂಡಿಲ್ಲ."

ನಾನೂ ಕಂಡಿರಲಿಲ್ಲ. ರಾಮನಗರದಲ್ಲಿ ನನ್ನಿಂದ ರವಿಕೆ ಹೊಲಿಸಿಕೊಳ್ಳುವ ಒಬ್ಬ ಅಮ್ಮನವರಿದ್ದಾರೆ. ಮೇಲೆ ಕೆಳಗೆ ಸೇರಿ ಎಂಟು ಕೋಣೆಯ ಮನೆ. ಮಗನ ಕಾಲೇಜಿಗೆಂದು ತಿಂಗಳು ತಿಂಗಳು ಎತ್ತಿಡುತ್ತಾರೆ, ಹಾಗೆ ಎತ್ತಿಟ್ಟದ್ದಕ್ಕೆ ಅವರಿಗೆ ತೆರಿಗೆಯಲ್ಲಿ ಸ್ವಲ್ಪ ಬಿಡುತ್ತಾರಂತೆ. ಅಳತೆ ಕೊಡುತ್ತ ನಿಂತಾಗ ಅವರೇ ಹೇಳಿದ್ದು. "ಮಕ್ಕಳ ಭವಿಷ್ಯ ನಾವೇ ನೋಡ್ಕೋಬೇಕಲ್ಲಮ್ಮ" ಅಂದಿದ್ದರು. ಸರಿಯಾದ ಮಾತು. ಅವರು ಎತ್ತಿಟ್ಟರೆ ದೂರದೃಷ್ಟಿ, ಸರ್ಕಾರ ಬೆನ್ನು ತಟ್ಟುತ್ತದೆ. ನಾನು ಎತ್ತಿಟ್ಟರೆ ನನ್ನ ಬಡತನವೇ ಸುಳ್ಳು ಅನ್ನುತ್ತದೆ. ಕುಡಿದು ಕಳೆದಿದ್ದರೆ, ಆರತಿಗೆ ಮೈಕ್ ಸೆಟ್ ಹಾಕಿಸಿ ಉಡಾಯಿಸಿದ್ದರೆ, ಮದುವೆಯ ಬಂಗಾರ ಅಂತ ಕೊರಳಿಗೆ ಹಾಕಿದ್ದರೆ ನನ್ನ ಮಗಳು ಆ ಹಾಳೆಗೆ ಅರ್ಹಳು. ಓದಲಿ ಅಂತ ಕೂಡಿಟ್ಟೆವು, ಅನರ್ಹಳು. ಈ ನಿಯಮ ಬರೆದವರು ತಮ್ಮ ಮಕ್ಕಳಿಗೂ ಹೀಗೇ ಸೊನ್ನೆ ಇಟ್ಟಿದ್ದಾರೆಯೆ ಅಂತ ಯಾರಾದರೂ ಕೇಳಬೇಕು. ನಾನಂತೂ ಇಲ್ಲಿ ಕೇಳುತ್ತಿದ್ದೇನೆ.

ಫೀಸು ಕಟ್ಟಲು ಒಂದು ವಾರ ಉಳಿದಿತ್ತು. ಪೂರ್ತಿ ಫೀಸು ಕಟ್ಟಿದೆವು. ಹಾಸ್ಟೆಲು, ಬಿಳಿ ಯೂನಿಫಾರ್ಮು, ಪುಸ್ತಕ ಎಲ್ಲ ಸೇರಿ ಹದಿನೆಂಟು ವರ್ಷದ ಹಾಲು ಒಂದೇ ವರ್ಷಕ್ಕೆ ಹರಿದುಹೋಯಿತು. ಖಾತೆಯಲ್ಲಿ ಉಳಿದದ್ದು ಹತ್ತು ಸಾವಿರ ಚಿಲ್ಲರೆ. ನನ್ನ ಗಂಡ ಮಾರುಕಟ್ಟೆಯಿಂದ ಬಂದವರು ಮೈತುಂಬ ಗೂಡಿನ ನೂಲೆಳೆ ಅಂಟಿಸಿಕೊಂಡೇ ಕೂತು, "ಒಂದ್ ವರ್ಷ ಓದ್ಲಿ, ಆಮೇಲೆ ನೋಡವ" ಅಂದರು. ನೋಡಲು ಏನೂ ಇಲ್ಲ ಅಂತ ಅವರಿಗೂ ಗೊತ್ತಿತ್ತು.

ಮಗಳು ಹಾಸ್ಟೆಲಿಗೆ ಹೋದ ವಾರದಲ್ಲೇ ಡೈರಿಯ ಗೋಡೆಗೆ ಒಂದು ಕಾರ್ಡು ಅಂಟಿತು. ಅಂಚಿಗೆ ಅರಿಶಿನ ಹಚ್ಚಿದ ಸಾದಾ ಕಾರ್ಡು. "ನಮ್ಮ ಮನೆಯಲ್ಲಿ ಶುಭಕಾರ್ಯ ಇಟ್ಟುಕೊಂಡಿದ್ದೇವೆ. ತಾವು ಕುಟುಂಬ ಸಮೇತ ಬಂದು ಊಟ ಮಾಡಿ ಹರಸಬೇಕು." ಕೆಳಗೆ ಡೈರಿ ಮಾವನ ಹೆಸರು. ಯಾವ ಕಾರ್ಯ ಅಂತ ಬರೆದಿರಲಿಲ್ಲ. ಹಾಲು ಹಾಕಲು ಬಂದವರಿಗೆ ನಗು ತಡೆಯಲಾಗಲಿಲ್ಲ.

"ಏನ್ ಮಾವ, ಎಪ್ಪತ್ತರ ಹತ್ರ ಬಂದು ಮದ್ವೆ ಆಯ್ತಿದ್ದೀರಾ? ಹೆಣ್ ಯಾವೂರ್ದು?"

"ಹೆಣ್ಣು ಮೈಸೂರಿಗೆ ಹೋಗೈತೆ ಕಣ್ಲಾ, ಓದಕ್ಕೆ. ಅವಳನ್ನ ಕಳ್ಸಿದ್ ಕಾರ್ಯ. ಬತ್ತೀಯೋ ಇಲ್ವೋ?"

"ನಿಮ್ ಮುಯ್ಯಿ ಮೂರ್ ಸಲ ತಿಂದಿದ್ದೀನಿ, ಬರ್ದೆ ಇರಕ್ಕಾಯ್ತದಾ?"

ಆಗಲೇ ನನಗೆ ಹೊಳೆದದ್ದು. ಮೂವತ್ತೊಂದು ವರ್ಷ ಅವರು ಬರೆಯಲು ಕೂತ ಪ್ರತಿಯೊಂದು ಮನೆಯಲ್ಲೂ ಪುಸ್ತಕದ ಮೊದಲ ಸಾಲು ಅವರದ್ದು. ಹನ್ನೊಂದು, ಇಪ್ಪತ್ತೊಂದು, ಐವತ್ತೊಂದು, ನೂರೊಂದು. ಹಿಂದಿರುಗಿಸಲು ಅವರ ಮನೆಯಲ್ಲಿ ಕಾರ್ಯವೇ ಆಗದ್ದರಿಂದ ಅಷ್ಟೂ ಊರಿನ ಮೇಲೆ ಹಾಗೇ ಉಳಿದುಕೊಂಡಿತ್ತು. ನಾನು ಸಂಜೆ ಓಡಿಹೋಗಿ ಬೇಡ ಅಂದೆ. ಅದು ನಿಮ್ಮ ಕೊನೆಗಾಲಕ್ಕೆ ಆಗುವ ದುಡ್ಡು ಮಾವ ಅಂದೆ.

"ನಾನ್ ಯಾರನ್ನೂ ಕೇಳಿಲ್ವಲ್ಲವ್ವ. ಕರ್ದಿದ್ದೀನಿ ಅಷ್ಟೇ."

ಡೈರಿಯ ಅಂಗಳದಲ್ಲಿ ಚಪ್ಪರ ಹಾಕಿದರು. ಅನ್ನ, ಹುರುಳಿಕಾಳಿನ ಸಾರು, ಬೋಂಡ, ಶ್ಯಾವಿಗೆ ಪಾಯಸ. ಪಾಯಸಕ್ಕೆ ಹಾಲನ್ನು ಏಳೂ ಮನೆಯವರು ಗೆರೆಯ ಈಚೆಗಿನಿಂದ ತಂದುಕೊಟ್ಟರು. ಅವತ್ತು ಅವರು ಮನೆಯ ಯಜಮಾನರು. ಬಾಗಿಲಲ್ಲಿ ನಿಂತು ಬಂದವರಿಗೆ ಕೈಮುಗಿಯಬೇಕು. ಬರೆಯಲು ಯಾರು? ಪೆನ್ನನ್ನು ನನ್ನ ಕೈಗೆ ಕೊಟ್ಟರು. ನನಗೆ ಗೆರೆ ಎಳೆಯಲು ಬರಲಿಲ್ಲ, ಹೊಲಿಗೆಯವಳ ಉಗುರು ಉಳಿಯುವುದಿಲ್ಲ. ಅವರೇ ಬಗ್ಗಿ, ಹಾಳೆ ಒತ್ತಿ ಹಿಡಿದು, ಉಗುರು ಎಳೆದುಕೊಟ್ಟು ಬಾಗಿಲಿಗೆ ಹೋದರು.

ಜನ ಬಂದರು. ಕನಕಪುರದ ಕಡೆಯಿಂದ ಒಂದು ಟೆಂಪೋ ತುಂಬ ಬಂತು. ಹನ್ನೊಂದು ರೂಪಾಯಿ ಹಾಕಿಸಿಕೊಂಡಿದ್ದವರು ಇನ್ನೂರೊಂದು ಹಾಕಿದರು. ಚನ್ನಪಟ್ಟಣದ ಬೊಂಬೆ ಕೆಲಸದವರೊಬ್ಬರು ದುಡ್ಡಿನ ಜೊತೆಗೆ ಅರಗಿನ ಬಣ್ಣದ ಪೆನ್ನಿನ ಡಬ್ಬಿ ತಂದಿದ್ದರು. ಬರದವರೂ ಇದ್ದರು, ಅವರ ಹೆಸರು ನನಗೆ ಗೊತ್ತು, ಬರೆಯುವುದಿಲ್ಲ. ಊಟದ ಎರಡನೇ ಪಂಕ್ತಿಯ ಹೊತ್ತಿಗೆ ಗುಮಾಸ್ತರೂ ಹೆಂಡತಿಯ ಜೊತೆ ಬಂದರು. ಐನೂರೊಂದು ಹಾಕಿದರು. ನಾನು ಅವರ ಹೆಸರು ಬರೆಯುತ್ತಲೇ ಕೇಳಿದೆ, "ಸಾರ್, ನಮ್ ಅರ್ಜಿ?"

"ಇವತ್ತು ಆ ಮಾತ್ ಬ್ಯಾಡಿ ಅಕ್ಕ" ಅಂದರು. ಅವರ ಮುಖ ನಿಜವಾಗಿಯೂ ಸಣ್ಣದಾಯಿತು. ಮನುಷ್ಯ ಬಂದಿದ್ದರು, ಕುರ್ಚಿ ಬಂದಿರಲಿಲ್ಲ.

ಖರ್ಚು ಕಳೆದು ಎಂಬತ್ತೇಳು ಸಾವಿರದ ನಾನೂರು ಉಳಿಯಿತು. ಎರಡನೇ ವರ್ಷಕ್ಕೆ ಒಂದಷ್ಟು ಕೂಡಿಸಿಕೊಂಡರೆ ಸಾಕು. ರಿಯಾಯಿತಿ ಸಿಕ್ಕರೆ ಓದು ಮುಗಿಯುವವರೆಗೂ ಸಾಕು.

ಈ ಕಥೆಯನ್ನು ಕೇಳಿದವರೆಲ್ಲ ಕೊನೆಗೆ "ಎಂಥ ಒಳ್ಳೆ ಜನ, ಎಂಥ ಒಳ್ಳೆ ಊರು" ಅನ್ನುತ್ತಾರೆ. ಒಳ್ಳೆ ಜನವೇ, ಇಲ್ಲ ಅನ್ನುವುದಿಲ್ಲ. ಆದರೆ ನನಗೆ ಅದನ್ನು ಕೇಳಿದಾಗೆಲ್ಲ ಮೈ ಉರಿಯುತ್ತದೆ. ಒಂದು ಸೀಲು ಬಿದ್ದಿದ್ದರೆ ಆಗುತ್ತಿದ್ದ ಕೆಲಸಕ್ಕೆ ಒಬ್ಬ ಮುದುಕರು ತಮ್ಮ ಬದುಕಿಡೀ ಹಾಕಿದ ಮುಯ್ಯಿಯನ್ನು ಒಂದೇ ಮಧ್ಯಾಹ್ನ ಬರಿದು ಮಾಡಿಕೊಳ್ಳಬೇಕಾಯಿತು. ಅದರಲ್ಲಿ ಮೆಚ್ಚುವುದು ಅವರನ್ನು ಮಾತ್ರ. ಉಳಿದದ್ದಕ್ಕೆ ನಾಚಿಕೆಯಾಗಬೇಕು. ಮಿಕ್ಕ ಆರು ಮನೆಯ ಮಕ್ಕಳು ಇನ್ನೂ ಶಾಲೆಯಲ್ಲಿದ್ದಾರೆ. ಅವರಿಗೂ ಖಾತೆಗಳಿವೆ. ಅವರಿಗೆ ಯಾರು ಕಾರ್ಯ ಮಾಡುತ್ತಾರೆ?

ಕಾರ್ಯವಾದ ಐದನೇ ತಿಂಗಳಿಗೆ ಡೈರಿ ಮಾವ ಹೋದರು. ಬೆಳಗಿನ ಹಾಲು ಬರೆಯುತ್ತಿರುವಾಗ ಎದೆ ಹಿಡಿದುಕೊಂಡಿತು. ರಾಮನಗರದ ಆಸ್ಪತ್ರೆಯಲ್ಲಿ ಮೂರು ದಿನ ಇದ್ದರು. ನಾನು ಗಂಜಿ ತೆಗೆದುಕೊಂಡು ಹೋದಾಗ ಕೇಳಿದ್ದು ಒಂದೇ: "ಕೂಸಿನ್ ಹಾಲು ನಿಲ್ಲಿಸಿಲ್ಲ ತಾನೆ?" ನಿಲ್ಲಿಸಿಲ್ಲ ಅಂದೆ. ಹಾಸಿಗೆಯ ಬಟ್ಟೆಯ ಮೇಲೆ ಆ ಉಗುರು ಸುಮ್ಮನೆ ಮೇಲಿನಿಂದ ಕೆಳಕ್ಕೆ ಎಳೆಯುತ್ತಿತ್ತು.

ತಿಥಿಗೆ ಹತ್ತೂ ಹಳ್ಳಿಯವರು ಬಂದರು. ಸಾವಿನ ಮನೆಯಲ್ಲಿ ಮುಯ್ಯಿ ಮೇಜು ಹಾಕುವುದಿಲ್ಲ. ಕೊಡಲು ಬಾಕಿಯಿದ್ದವರು, ಕಾರ್ಯಕ್ಕೆ ಬರಲಾಗದೆ ಉಳಿದವರು, ಜೇಬಿನ ಮೇಲೆ ಕೈಯಿಟ್ಟುಕೊಂಡು ಅಂಗಳದಲ್ಲಿ ನಿಂತೇ ಇದ್ದರು. ಕೊಡಲು ಜಾಗವಿರಲಿಲ್ಲ. ನಾನೂ ಹಾಗೇ ನಿಂತಿದ್ದೆ. ಅವರಿಂದ ನನಗೆ ಬಂದದ್ದನ್ನು ಯಾವ ಮನೆಯ ಯಾವ ಕಾರ್ಯಕ್ಕೆ ಹಾಕಿ ತೀರಿಸಲಿ?

ಅವರು ಹೋಗಿ ಎರಡು ತಿಂಗಳಿಗೆ ನನ್ನ ಫೋನಿಗೆ ಒಂದು ಸಂದೇಶ ಬಂತು. ನಮ್ಮ ಹಳೆಯ ಅರ್ಜಿ ದಾಖಲೆಯ ಕೊರತೆಯಿಂದ ತಿರಸ್ಕೃತವಾಗಿದೆ, ಬೇಕಾದರೆ ಹೊಸದಾಗಿ ಸಲ್ಲಿಸಬಹುದು. ಯಾವ ದಾಖಲೆ ಅಂತ ಅದರಲ್ಲಿ ಇರಲಿಲ್ಲ. ನನಗೆ ಗೊತ್ತಿತ್ತು.

ಕಳೆದ ವಾರ ಎರಡನೇ ವರ್ಷದ ಅರ್ಜಿ ಹಾಕಲು ಹೋದೆವು. ಮಗಳು ರಜೆಗೆ ಬಂದಿದ್ದಳು. ಜೆರಾಕ್ಸ್ ಅಂಗಡಿಯ ಮುಂದೆ ನನ್ನ ಮೊಣಕೈ ಹಿಡಿದು ನಿಲ್ಲಿಸಿದಳು.

"ಅವ್ವ, ಒಂದ್ ಸೊನ್ನೆ ಖಾತೆ ತಗ್ಸುಬುಡವ. ನಮ್ ಹಾಸ್ಟೆಲ್ಲಲ್ಲಿ ಎಲ್ರೂ ಹಂಗೇ ಮಾಡವ್ರೆ. ಅಜ್ಜಪ್ಪನ್ ದುಡ್ಡೂ ಹೋಗ್ಬುಟ್ರೆ ಇನ್ನೇನೈತೆ?"

ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಹೆದರಿಕೆ ನನಗೂ ಇತ್ತು. ಈ ಸಲವೂ ತಿರಸ್ಕಾರವಾದರೆ ಮೂರನೇ ವರ್ಷಕ್ಕೆ ಕಾಲೇಜಿನ ಬಾಗಿಲು ಮುಚ್ಚುತ್ತದೆ. ಸುಳ್ಳು ಖಾತೆ ಮಾಡಿಸಿದ ತಾಯಂದಿರನ್ನು ನಾನು ಬೈಯುವುದಿಲ್ಲ. ಅವರನ್ನು ಸುಳ್ಳು ಹೇಳುವಂತೆ ಮಾಡಿದವರನ್ನು ಬೈಯುತ್ತೇನೆ. ಆದರೆ ನನ್ನ ಚೀಲದಲ್ಲಿ ಆ ಪುಸ್ತಕಗಳಿದ್ದವು. ಬಚ್ಚಿಡಕ್ಕೆ ಅದೇನು ಕಳ್ಳ ದುಡ್ಡೇ?

ಅಂಗಡಿಯವನಿಂದ ಒಂದು ಕರಿ ಮಸಿಯ ಪೆನ್ನು ಈಸಿಕೊಂಡೆ. ಮೊದಲ ಪುಸ್ತಕದ ಮೊದಲ ಹಾಳೆಯನ್ನು ಮೇಜಿನ ಮೇಲೆ ಒತ್ತಿ ಹಿಡಿದೆ. ಸಂಘದ ಪುಸ್ತಕಕ್ಕೆ ಗೆರೆ ಎಳೆಯುವಂತಿಲ್ಲ, ನನಗೆ ಗೊತ್ತು. ಸ್ಕೇಲು ಕೊಡಲೇ ಅಕ್ಕ ಅಂತ ಅಂಗಡಿಯವನು ಕೇಳಿದ. ಬೇಡ ಅಂದೆ. ಮೇಲಿನ ಅಂಚಿನಲ್ಲಿ ಪೆನ್ನಿನ ಮೊನೆ ಇಟ್ಟು ತಡಕಿದೆ. ಮೊನೆ ಹಳ್ಳಕ್ಕೆ ಬಿತ್ತು. ಆಮೇಲೆ ನಾನು ಏನೂ ಮಾಡಬೇಕಾಗಲಿಲ್ಲ. ಅದು ತಾನಾಗಿಯೇ ಕೆಳಗಿನವರೆಗೂ ನೇರ ಜಾರಿಕೊಂಡು ಹೋಯಿತು.